ನಾಮಿನಲ್ ಜಿಡಿಪಿ ಹಿಡಿದು ದೇಶಗಳನ್ನು ಹೋಲಿಸುವುದು ಹೇಗೆ? ಹಂತ ಹಂತವಾಗಿ ನೋಡೋಣ

2012ರಿಂದ 2023ರ ನಡುವೆ ಜಪಾನಿನ ಆರ್ಥಿಕತೆ ಬೆಳೆಯಿತಾ, ಕುಗ್ಗಿತಾ? ಯೆನ್ ಲೆಕ್ಕದಲ್ಲಿ ಸುಮಾರು 500 ಲಕ್ಷ ಕೋಟಿಯಿಂದ 590 ಲಕ್ಷ ಕೋಟಿಗೆ ಏರಿದೆ. ಡಾಲರ್ ಲೆಕ್ಕದಲ್ಲಿ ಸುಮಾರು 6.3 ಟ್ರಿಲಿಯನ್‌ನಿಂದ 4.2 ಟ್ರಿಲಿಯನ್‌ಗೆ ಇಳಿದಿದೆ. ಎರಡೂ ನಾಮಿನಲ್ ಜಿಡಿಪಿಯೇ. ಎರಡೂ ಸರಿಯಾದ ಲೆಕ್ಕವೇ.

ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದೇ, ದೇಶದ ಹೆಸರು ಮಾತ್ರ ಬೇರೆ. ಒಬ್ಬರು ಒಂದು ಪಟ್ಟಿ ತೋರಿಸುತ್ತಾರೆ, ಇನ್ನೊಬ್ಬರು ಇನ್ನೊಂದು. ಜಗಳ ಶುರುವಾಗುತ್ತದೆ. ಅದಕ್ಕೇ ಈ ಲೇಖನ. ಅರ್ಧ ಗಂಟೆ ಸಮಯ, ಒಂದು ಸ್ಪ್ರೆಡ್‌ಶೀಟ್, ಇಂಟರ್ನೆಟ್ ಇದ್ದರೆ ಸಾಕು. ಗುಣಾಕಾರ, ಭಾಗಾಕಾರ ಬಿಟ್ಟು ಬೇರೆ ಗಣಿತ ಬೇಕಾಗಿಲ್ಲ.

ಶುರು ಮಾಡುವ ಮೊದಲು: ನಾಲ್ಕು ಪದಗಳು

ಜಿಡಿಪಿ, ಅಂದರೆ ಒಟ್ಟು ದೇಶೀಯ ಉತ್ಪನ್ನ. ಒಂದು ದೇಶದ ಗಡಿಯೊಳಗೆ ಒಂದು ಅವಧಿಯಲ್ಲಿ ತಯಾರಾದ ಸರಕು ಮತ್ತು ಸೇವೆಗಳ ಅಂತಿಮ ಮೌಲ್ಯ. 'ಅಂತಿಮ' ಅನ್ನುವುದು ಮುಖ್ಯ. ಕಾರಿನ ಬೆಲೆ ಲೆಕ್ಕಕ್ಕೆ ಬಂದ ಮೇಲೆ ಅದರೊಳಗಿನ ಉಕ್ಕಿನ ಬೆಲೆಯನ್ನು ಮತ್ತೊಮ್ಮೆ ಸೇರಿಸುವುದಿಲ್ಲ.

ನಾಮಿನಲ್ ಜಿಡಿಪಿ ಅಂದರೆ ಆಯಾ ವರ್ಷದ ಬೆಲೆಯಲ್ಲೇ ಮಾಡಿದ ಲೆಕ್ಕ. ಸರ್ಕಾರಿ ವರದಿಗಳಲ್ಲಿ 'ಪ್ರಸಕ್ತ ಬೆಲೆಗಳಲ್ಲಿ' ಎಂದಿರುತ್ತದೆ. ರಿಯಲ್ ಜಿಡಿಪಿ ಅಂದರೆ ಯಾವುದೋ ಒಂದು ಮೂಲ ವರ್ಷದ ಬೆಲೆಯನ್ನು ಹಿಡಿದು ಮಾಡಿದ ಲೆಕ್ಕ, 'ಸ್ಥಿರ ಬೆಲೆಗಳಲ್ಲಿ'. ಇವೆರಡರ ಅನುಪಾತಕ್ಕೆ ಡಿಫ್ಲೇಟರ್ ಎನ್ನುತ್ತಾರೆ. ದೇಶದಲ್ಲಿ ತಯಾರಾದ ಎಲ್ಲದರ ಬೆಲೆ ಒಟ್ಟಾರೆ ಎಷ್ಟು ಏರಿದೆ ಎಂದು ಅದು ಹೇಳುತ್ತದೆ.

ಒಂದು ಪುಟ್ಟ ಲೆಕ್ಕ ಹಾಕೋಣ. ಒಂದು ದೇಶ ಸೈಕಲ್ ಬಿಟ್ಟು ಬೇರೇನೂ ತಯಾರಿಸುವುದಿಲ್ಲ ಎಂದುಕೊಳ್ಳಿ. ಮೊದಲ ವರ್ಷ 100 ಸೈಕಲ್, ಒಂದಕ್ಕೆ 10 ನಾಣ್ಯ. ಜಿಡಿಪಿ 1,000. ಮರುವರ್ಷ 102 ಸೈಕಲ್, ಬೆಲೆ 11. ಜಿಡಿಪಿ 1,122. ನಾಮಿನಲ್ ಬೆಳವಣಿಗೆ ಶೇ 12.2. ಆದರೆ ಸೈಕಲ್ ಜಾಸ್ತಿಯಾಗಿದ್ದು ಶೇ 2 ಮಾತ್ರ. ಇನ್ನು ಮೊದಲ ವರ್ಷ ಡಾಲರ್‌ಗೆ 10 ನಾಣ್ಯ ಇದ್ದದ್ದು ಮರುವರ್ಷ 12 ಆಯಿತು ಎನ್ನಿ. ಡಾಲರ್ ಲೆಕ್ಕದ ಜಿಡಿಪಿ 100ರಿಂದ 93.5ಕ್ಕೆ ಇಳಿಯಿತು. ಸೈಕಲ್ ಹೆಚ್ಚಾದರೂ ಪಟ್ಟಿಯಲ್ಲಿ ಆ ದೇಶ ಕೆಳಗೆ ಜಾರಿತು.

ಈ ಲೇಖನದ ಜೀವಾಳ ಇದೇ. ಡಾಲರ್‌ನಲ್ಲಿ ಬರೆದ ನಾಮಿನಲ್ ಜಿಡಿಪಿ ಒಂದೇ ಅಂಕಿಯಂತೆ ಕಂಡರೂ ಅದರೊಳಗೆ ಮೂರು ಸಂಗತಿ ಇವೆ: ಎಷ್ಟು ತಯಾರಾಯಿತು, ಯಾವ ಬೆಲೆಗೆ, ಯಾವ ವಿನಿಮಯ ದರಕ್ಕೆ. ಅಂಕಿ ಅಲುಗಾಡಿದಾಗೆಲ್ಲ ಈ ಮೂರರಲ್ಲಿ ಅಲುಗಾಡಿದ್ದು ಯಾವುದು ಎಂದು ಕೇಳಿ.

ಹಂತ 1: ನಿಮ್ಮ ಪ್ರಶ್ನೆ ಏನು, ಮೊದಲು ಬರೆದುಕೊಳ್ಳಿ

ಸುಮ್ನೆ ಹೇಳುತ್ತಿಲ್ಲ, ನಿಜವಾಗಿಯೂ ಒಂದು ಸಾಲು ಬರೆಯಿರಿ. 'ಯಾವ ದೇಶ ದೊಡ್ಡದು' ಅನ್ನುವುದು ಪ್ರಶ್ನೆಯೇ ಅಲ್ಲ. ಯಾವುದಕ್ಕೆ ದೊಡ್ಡದು?

ಹೊರಗಿನಿಂದ ತೈಲ, ಯಂತ್ರ, ಯುದ್ಧವಿಮಾನ ಕೊಳ್ಳುವ ಶಕ್ತಿ, ಡಾಲರ್ ಸಾಲ ತೀರಿಸುವ ಶಕ್ತಿ, ಬೇರೆ ದೇಶದ ಕಂಪನಿಗೆ ಆ ಮಾರುಕಟ್ಟೆ ಎಷ್ಟು ದೊಡ್ಡದು ಅನ್ನುವುದು, ಇವಕ್ಕೆಲ್ಲ ಮಾರುಕಟ್ಟೆ ವಿನಿಮಯ ದರದ ನಾಮಿನಲ್ ಜಿಡಿಪಿಯೇ ಸರಿ. ಹೊರಗೆ ಪಾವತಿ ಆಗುವುದು ಆ ದರದಲ್ಲೇ ಅಲ್ವಾ.

ಒಂದು ದೇಶ ಕಳೆದ ವರ್ಷಕ್ಕಿಂತ ಎಷ್ಟು ಬೆಳೆಯಿತು ಎಂದು ತಿಳಿಯಬೇಕಾದರೆ ಅದರದೇ ಹಣದಲ್ಲಿ ರಿಯಲ್ ಜಿಡಿಪಿ ನೋಡಿ. ಇಲ್ಲಿ ಡಾಲರ್‌ಗೆ ಕೆಲಸವೇ ಇಲ್ಲ.

ಜನರ ಬದುಕಿನ ಮಟ್ಟ ಹೋಲಿಸಬೇಕಾದರೆ ಪಿಪಿಪಿ ಬೇಕು. ಪಿಪಿಪಿ ಅಂದರೆ ಕೊಳ್ಳುವ ಶಕ್ತಿಯ ಸಮತೆ. ಒಂದೇ ಬಗೆಯ ಸರಕು-ಸೇವೆಗೆ ಪ್ರತಿ ದೇಶದಲ್ಲಿ ಎಷ್ಟು ಕೊಡಬೇಕು ಎಂದು ನೋಡಿ, ಆ ಬೆಲೆ ವ್ಯತ್ಯಾಸವನ್ನು ಕಳೆದು ಮಾಡುವ ಲೆಕ್ಕ. ಬಡ ದೇಶಗಳಲ್ಲಿ ಕ್ಷೌರ, ಬಾಡಿಗೆ, ಬಸ್ ಪ್ರಯಾಣದಂಥವು ಅಗ್ಗ. ಹಾಗಾಗಿ ಅಂಥ ದೇಶಗಳ ಪಿಪಿಪಿ ಅಂಕಿ ನಾಮಿನಲ್‌ಗಿಂತ ದೊಡ್ಡದಾಗಿರುತ್ತದೆ.

ಎರಡರಲ್ಲಿ ಯಾವುದು 'ನಿಜವಾದದ್ದು' ಎಂದು ಹಠ ಹಿಡಿಯುವವರಿಗೆ ಒಂದು ಮಾಹಿತಿ. ಅಂತರರಾಷ್ಟ್ರೀಯ ಹಣಕಾಸು ನಿಧಿಯೇ, ಅಂದರೆ ಐಎಂಎಫ್, ತನ್ನ ಸದಸ್ಯರ ಪಾಲು ಲೆಕ್ಕ ಹಾಕುವ ಸೂತ್ರದಲ್ಲಿ ಜಿಡಿಪಿಯನ್ನು ಶೇ 60 ಮಾರುಕಟ್ಟೆ ದರದಿಂದಲೂ ಶೇ 40 ಪಿಪಿಪಿಯಿಂದಲೂ ಬೆರೆಸಿ ಬಳಸುತ್ತದೆ. ವಿಶ್ವದ ಒಟ್ಟು ಬೆಳವಣಿಗೆ ಹೇಳುವಾಗ ಐಎಂಎಫ್ ಪಿಪಿಪಿ ತೂಕ ಹಾಕುತ್ತದೆ, ವಿಶ್ವಬ್ಯಾಂಕಿನ ಮುಖ್ಯ ಅಂಕಿ ಮಾರುಕಟ್ಟೆ ದರದ್ದು. ಅದಕ್ಕೇ ಒಂದೇ ವರ್ಷಕ್ಕೆ ಅವರಿಬ್ಬರ ಅಂಕಿ ಬೇರೆ ಬೇರೆ ಇರುತ್ತದೆ, ಸಾಮಾನ್ಯವಾಗಿ ಐಎಂಎಫ್‌ನದು ಸ್ವಲ್ಪ ಜಾಸ್ತಿ.

ಹಂತ 2: ಅಂಕಿ ತೆಗೆಯಿರಿ, ಆದರೆ ಒಂದೇ ಕಡೆಯಿಂದ

ಎರಡು ನಂಬಿಕಸ್ಥ ಮೂಲಗಳಿವೆ. ಒಂದು ಐಎಂಎಫ್‌ನ ವರ್ಲ್ಡ್ ಎಕನಾಮಿಕ್ ಔಟ್‌ಲುಕ್. ಇದು ಪ್ರತಿ ವರ್ಷ ಏಪ್ರಿಲ್ ಮತ್ತು ಅಕ್ಟೋಬರ್‌ನಲ್ಲಿ ಪೂರ್ತಿಯಾಗಿ ಬರುತ್ತದೆ. ಇನ್ನೊಂದು ವಿಶ್ವಬ್ಯಾಂಕಿನ ವರ್ಲ್ಡ್ ಡೆವಲಪ್‌ಮೆಂಟ್ ಇಂಡಿಕೇಟರ್ಸ್. ಎರಡೂ ಉಚಿತ.

ಹೆಸರು ನೋಡಿ ಇಳಿಸಿಕೊಳ್ಳಬೇಡಿ, ಕೋಡ್ ನೋಡಿ. ಹೆಸರುಗಳು ಒಂದನ್ನೊಂದು ಹೋಲುತ್ತವೆ. ಹೆಚ್ಚಿನ ತಪ್ಪು ಆಗುವುದು ಇಲ್ಲೇ.

ಐಎಂಎಫ್‌ನಲ್ಲಿ ಡಾಲರ್‌ನ ನಾಮಿನಲ್ ಜಿಡಿಪಿಯ ಕೋಡ್ ಎನ್‌ಜಿಡಿಪಿಡಿ. ಕೊನೆಯ 'ಡಿ' ಅಂದರೆ ಡಾಲರ್. ಅದಿಲ್ಲದ ಎನ್‌ಜಿಡಿಪಿ ಅಂದರೆ ಆ ದೇಶದ ಹಣದಲ್ಲಿ. ಪಿಪಿಪಿಜಿಡಿಪಿ ಅನ್ನುವುದು ಹೆಸರೇ ಹೇಳುವಂತೆ ಪಿಪಿಪಿ ಲೆಕ್ಕ.

ವಿಶ್ವಬ್ಯಾಂಕಿನಲ್ಲಿ ಕೋಡ್ ಉದ್ದ: ಎನ್‌ವೈ, ಜಿಡಿಪಿ, ಎಂಕೆಟಿಪಿ, ಆಮೇಲೆ ಎರಡಕ್ಷರದ ಬಾಲ. ಬಾಲ ನೋಡಿದರೆ ಸಾಕು. ಸಿಡಿ ಎಂದಿದ್ದರೆ ಪ್ರಸಕ್ತ ಡಾಲರ್, ನಮಗೆ ಬೇಕಾದದ್ದು ಇದೇ. ಕೆಡಿ ಎಂದಿದ್ದರೆ ಸ್ಥಿರ ಡಾಲರ್. ಸಿಎನ್ ಎಂದಿದ್ದರೆ ದೇಶದ ಹಣ, ಪ್ರಸಕ್ತ ಬೆಲೆ. ಕೆಎನ್ ಎಂದಿದ್ದರೆ ದೇಶದ ಹಣ, ಸ್ಥಿರ ಬೆಲೆ.

ಎಚ್ಚರಿಕೆ ಎರಡು. ಒಂದು ದೇಶದ ಅಂಕಿ ಐಎಂಎಫ್‌ನಿಂದ, ಇನ್ನೊಂದರದು ವಿಶ್ವಬ್ಯಾಂಕಿನಿಂದ ತೆಗೆದು ಪಕ್ಕಪಕ್ಕ ಇಡಬೇಡಿ. ಎರಡನೆಯದು, ಐಎಂಎಫ್ ಕೋಷ್ಟಕದಲ್ಲಿ ಮುಂದಿನ ಐದಾರು ವರ್ಷದ ಅಂಕಿಗಳೂ ಇರುತ್ತವೆ. ಅವು ಮುನ್ನಂದಾಜು. ಯಾವ ವರ್ಷದ ನಂತರ ಅಂದಾಜು ಶುರುವಾಗುತ್ತದೆ ಎಂದು ಪ್ರತಿ ದೇಶದ ಮುಂದೆ ಒಂದು ಕಾಲಂನಲ್ಲಿ ಬರೆದಿರುತ್ತಾರೆ. ಅದನ್ನು ಯಾರೂ ಓದುವುದಿಲ್ಲ! 'ಇಂಥ ದೇಶ ಇಂಥ ದೇಶವನ್ನು ಹಿಂದಿಕ್ಕಿತು' ಎಂಬ ಸುದ್ದಿಗಳಲ್ಲಿ ಎಷ್ಟೋ ಈ ಅಂದಾಜಿನ ಮೇಲೇ ನಿಂತಿರುತ್ತವೆ.

ಹಂತ 3: ಸೊನ್ನೆಗಳನ್ನು ಎಣಿಸಿ

1 ಮಿಲಿಯನ್ ಅಂದರೆ 10 ಲಕ್ಷ. 1 ಬಿಲಿಯನ್ ಅಂದರೆ 100 ಕೋಟಿ. 1 ಟ್ರಿಲಿಯನ್ ಅಂದರೆ 1 ಲಕ್ಷ ಕೋಟಿ. ಇದನ್ನು ಸ್ಪ್ರೆಡ್‌ಶೀಟ್‌ನ ಮೇಲಿನ ಸಾಲಿನಲ್ಲೇ ಬರೆದಿಡಿ. ಐಎಂಎಫ್ ಕೋಷ್ಟಕ ಬಿಲಿಯನ್ ಡಾಲರ್‌ನಲ್ಲಿರುತ್ತದೆ, ವಿಶ್ವಬ್ಯಾಂಕಿನದು ಬರೀ ಡಾಲರ್‌ನಲ್ಲಿ.

ಬೇರೆ ಭಾಷೆಯ ವರದಿ ಓದುವಾಗ ಇನ್ನೊಂದು ಗುಂಡಿ ಇದೆ. ಜರ್ಮನ್ ಮತ್ತು ಸ್ಪ್ಯಾನಿಷ್‌ನಲ್ಲಿ 'ಬಿಲಿಯನ್' ತರಹ ಕೇಳುವ ಪದಕ್ಕೆ ಅರ್ಥ ಟ್ರಿಲಿಯನ್. ಕಂಪ್ಯೂಟರ್ ಅನುವಾದ ಒಮ್ಮೊಮ್ಮೆ ಇದರಲ್ಲಿ ಎಡವುತ್ತದೆ.

ಪರೀಕ್ಷೆಗೆ ಒಂದು ಅಳತೆಗೋಲು ಇಟ್ಟುಕೊಳ್ಳಿ. 2023ರಲ್ಲಿ ಇಡೀ ಜಗತ್ತಿನ ನಾಮಿನಲ್ ಜಿಡಿಪಿ 100 ಟ್ರಿಲಿಯನ್ ಡಾಲರ್‌ಗಿಂತ ಸ್ವಲ್ಪ ಮೇಲಿತ್ತು. ಅಮೆರಿಕದ್ದು 27 ಟ್ರಿಲಿಯನ್‌ಗಿಂತ ಮೇಲೆ, ಚೀನಾದ್ದು ಸುಮಾರು 18. ನಿಮ್ಮ ಉತ್ತರ ಇವುಗಳ ಪಕ್ಕದಲ್ಲಿ ವಿಚಿತ್ರವಾಗಿ ಕಂಡರೆ ಎಲ್ಲೋ ಮೂರು ಸೊನ್ನೆ ತಪ್ಪಿದೆ.

ಹಂತ 4: ಯಾವ ವರ್ಷ, ಯಾವ ತ್ರೈಮಾಸಿಕ

ಎಲ್ಲ ದೇಶದ ವರ್ಷ ಜನವರಿಯಲ್ಲಿ ಶುರುವಾಗುವುದಿಲ್ಲ. ಭಾರತದ ಲೆಕ್ಕದ ವರ್ಷ ಏಪ್ರಿಲ್‌ನಿಂದ ಮಾರ್ಚ್. ಪಾಕಿಸ್ತಾನ, ಬಾಂಗ್ಲಾದೇಶ, ಈಜಿಪ್ಟ್‌ಗಳದು ಜುಲೈನಿಂದ ಜೂನ್. ಕೋಷ್ಟಕದಲ್ಲಿ ಎಲ್ಲವೂ '2023' ಎಂಬ ಒಂದೇ ಕಾಲಂನಡಿ ಕೂತಿರುತ್ತವೆ. ದೊಡ್ಡ ಅಂತರವಿದ್ದಾಗ ಇದರಿಂದ ತೊಂದರೆಯಿಲ್ಲ. ಎರಡು ದೇಶ ಹತ್ತಿರ ಹತ್ತಿರ ಇದ್ದಾಗ ಅಥವಾ ಆ ವರ್ಷ ಕರೆನ್ಸಿ ಕುಸಿದಿದ್ದರೆ ಅಡಿಟಿಪ್ಪಣಿ ಓದಲೇಬೇಕು.

ತ್ರೈಮಾಸಿಕ ಅಂಕಿಗಳು ಇನ್ನೂ ಮೋಸದವು. ಅಮೆರಿಕ ಮೂರು ತಿಂಗಳ ಜಿಡಿಪಿಯನ್ನು 'ವಾರ್ಷಿಕ ದರ'ದಲ್ಲಿ ಪ್ರಕಟಿಸುತ್ತದೆ. ಅಂದರೆ ಇದೇ ವೇಗದಲ್ಲಿ ಇಡೀ ವರ್ಷ ಓಡಿದರೆ ಎಷ್ಟಾಗುತ್ತದೋ ಅಷ್ಟು. ಬೇರೆ ಬಹುಪಾಲು ದೇಶಗಳು ಆ ಮೂರು ತಿಂಗಳಲ್ಲಿ ಆದದ್ದನ್ನೇ ಕೊಡುತ್ತವೆ. ನಾನೇ ಒಮ್ಮೆ ಅಮೆರಿಕದ ನಾಲ್ಕು ತ್ರೈಮಾಸಿಕಗಳನ್ನು ಕೂಡಿಸಿ, ಅದರ ಜಿಡಿಪಿ ಇಡೀ ಜಗತ್ತಿನದಕ್ಕಿಂತ ಜಾಸ್ತಿ ಎಂದು ಬರೆದಿಟ್ಟುಕೊಂಡಿದ್ದೆ. ಕೂಡಿಸಬಾರದು, ಸರಾಸರಿ ತೆಗೆಯಬೇಕು. ಬೆಳವಣಿಗೆ ದರಕ್ಕೂ ಇದೇ ಮಾತು. ಅಮೆರಿಕ 'ಶೇ 2' ಅಂದಾಗ ಮತ್ತು ಯೂರೋಪ್ 'ಶೇ 0.5' ಅಂದಾಗ ಅವೆರಡೂ ಹೆಚ್ಚುಕಡಿಮೆ ಒಂದೇ ವೇಗ.

ಹಂತ 5: ವಿನಿಮಯ ದರ ಹಾಕಿ

ಡಾಲರ್ ಅಂಕಿ ಸಿದ್ಧವಾಗಿಯೇ ಸಿಗುತ್ತದಲ್ಲ, ಈ ಹಂತ ಏಕೆ ಅನ್ನಬಹುದು. ಒಮ್ಮೆ ಕೈಯಾರೆ ಮಾಡಿ ನೋಡಿ, ಆಮೇಲೆ ಬಿಡಿ. ದೇಶದ ಹಣದಲ್ಲಿರುವ ನಾಮಿನಲ್ ಜಿಡಿಪಿಯನ್ನು ಆ ವರ್ಷದ ಸರಾಸರಿ ದರದಿಂದ ಭಾಗಿಸಿ.

ಸರಾಸರಿ, ವರ್ಷದ ಕೊನೆಯ ದಿನದ ದರ ಅಲ್ಲ. ಇವತ್ತಿನ ದರವಂತೂ ಅಲ್ಲವೇ ಅಲ್ಲ. ಉತ್ಪಾದನೆ ವರ್ಷಪೂರ್ತಿ ನಡೆದಿದೆ, ದರವೂ ವರ್ಷಪೂರ್ತಿಯದೇ ಆಗಬೇಕು. 2023ರ ಡಿಸೆಂಬರ್‌ನಲ್ಲಿ ಅರ್ಜೆಂಟೀನಾ ತನ್ನ ಅಧಿಕೃತ ದರವನ್ನು ಡಾಲರ್‌ಗೆ ಸುಮಾರು 366 ಪೆಸೊದಿಂದ ಒಂದೇ ಸಲಕ್ಕೆ 800ಕ್ಕೆ ಬದಲಿಸಿತು. ವರ್ಷದ ಕೊನೆಯ ದರ ಹಾಕಿದರೆ ಆ ದೇಶದ ಇಡೀ ವರ್ಷದ ದುಡಿಮೆ ಕಾಗದದ ಮೇಲೆ ಅರ್ಧಕ್ಕಿಂತ ಕೆಳಗಿಳಿಯುತ್ತದೆ.

ಅದೇ ಅರ್ಜೆಂಟೀನಾ ಇನ್ನೊಂದು ಪಾಠವನ್ನೂ ಹೇಳುತ್ತದೆ. ಅಧಿಕೃತ ದರ ಒಂದು, ಬೀದಿಯ ದರ ಇನ್ನೊಂದು ಇರುವ ದೇಶಗಳಲ್ಲಿ ಅಧಿಕೃತ ದರದ ಜಿಡಿಪಿ ಉಬ್ಬಿರುತ್ತದೆ. ಸರ್ಕಾರ ಹಿಡಿತ ಸಡಿಲಿಸಿದ ದಿನ ಅಂಕಿ ದೊಪ್ಪನೆ ಬೀಳುತ್ತದೆ. ನೈಜೀರಿಯಾ 2023ರ ಜೂನ್‌ನಲ್ಲಿ, ಈಜಿಪ್ಟ್ 2024ರ ಮಾರ್ಚ್‌ನಲ್ಲಿ ಹೀಗೆ ಸಡಿಲಿಸಿದವು. ಬಿದ್ದದ್ದು ದರ, ಕಾರ್ಖಾನೆಗಳು ಕುಸಿದು ಬಿದ್ದದ್ದಲ್ಲ.

ಇದಕ್ಕೆ ಪೂರ್ತಿ ಉಲ್ಟಾ ಇನ್ನೊಂದು ಗುಂಪು. ಸೌದಿ ಅರೇಬಿಯಾ 1986ರಿಂದ ಡಾಲರ್‌ಗೆ 3.75 ರಿಯಾಲ್ ಎಂದು ಕಟ್ಟಿಹಾಕಿದೆ. ಅಲ್ಲಿ ದರ ಅಲುಗಾಡುವುದಿಲ್ಲ, ಬದಲಿಗೆ ತೈಲದ ಬೆಲೆ ಅಲುಗಾಡುತ್ತದೆ. ಅಷ್ಟೇ ಪೀಪಾಯಿ ತೈಲ ತೆಗೆದರೂ ಬೆಲೆ ಇಳಿದ ವರ್ಷ ನಾಮಿನಲ್ ಜಿಡಿಪಿ ಇಳಿಯುತ್ತದೆ. ತೈಲ-ಅನಿಲದ ಏರಿಳಿತ ಉಳಿದದ್ದನ್ನು ಮುಚ್ಚಿಹಾಕಬಾರದೆಂದು ನಾರ್ವೆ 'ಮುಖ್ಯಭೂಮಿಯ ಜಿಡಿಪಿ' ಎಂಬ ಬೇರೆ ಅಂಕಿಯನ್ನೇ ಪ್ರಕಟಿಸುತ್ತದೆ. ಒಳ್ಳೆಯ ಅಭ್ಯಾಸ.

ವಿನಿಮಯ ದರದ ಈ ಜಿಗಿದಾಟ ತಗ್ಗಿಸಲು ವಿಶ್ವಬ್ಯಾಂಕು 'ಅಟ್ಲಾಸ್ ವಿಧಾನ' ಬಳಸುತ್ತದೆ. ಮೂರು ವರ್ಷಗಳ ದರದ ಸರಾಸರಿ ತೆಗೆದು, ಹಣದುಬ್ಬರದ ವ್ಯತ್ಯಾಸಕ್ಕೆ ಸರಿಹೊಂದಿಸುತ್ತಾರೆ. ದೇಶಗಳನ್ನು ಕಡಿಮೆ, ಮಧ್ಯಮ, ಹೆಚ್ಚು ಆದಾಯದವು ಎಂದು ವಿಂಗಡಿಸುವುದು ಈ ವಿಧಾನದ ತಲಾ ಆದಾಯದಿಂದಲೇ.

ಹಂತ 6: ಬದಲಾವಣೆಯನ್ನು ಮೂರು ಹೋಳು ಮಾಡಿ

ಇಲ್ಲಿ ಸ್ವಲ್ಪ ನಿಧಾನ ಮಾಡೋಣ. ಈ ಹಂತ ಗೊತ್ತಿದ್ದರೆ ಪಟ್ಟಿಗಳು ನಿಮ್ಮನ್ನು ಹೆದರಿಸುವುದಿಲ್ಲ.

ಸೂತ್ರ ಸುಲಭ. ಡಾಲರ್ ಜಿಡಿಪಿ ಎಷ್ಟು ಪಟ್ಟು ಆಯಿತು ಅಂದರೆ: ಉತ್ಪಾದನೆ ಎಷ್ಟು ಪಟ್ಟು, ಗುಣಿಸು ಬೆಲೆ ಎಷ್ಟು ಪಟ್ಟು, ಗುಣಿಸು ಹಳೆಯ ದರ ಭಾಗಿಸು ಹೊಸ ದರ.

ಟರ್ಕಿಯ 2022 ತೆಗೆದುಕೊಳ್ಳಿ. ಹಿಂದಿನ ವರ್ಷ ಸುಮಾರು 7.25 ಲಕ್ಷ ಕೋಟಿ ಲಿರಾ ಇದ್ದ ಜಿಡಿಪಿ ಸುಮಾರು 15 ಲಕ್ಷ ಕೋಟಿ ಲಿರಾ ಆಯಿತು. ದುಪ್ಪಟ್ಟಿಗಿಂತ ಜಾಸ್ತಿ! ರಿಯಲ್ ಬೆಳವಣಿಗೆ ಎಷ್ಟು? ಸುಮಾರು ಶೇ 5.5. ಅಂದರೆ 2.07 ಪಟ್ಟಿನಲ್ಲಿ ಉತ್ಪಾದನೆಯ ಪಾಲು 1.055 ಮಾತ್ರ. ಉಳಿದ 1.96 ಪಟ್ಟು ಬೆಲೆ ಏರಿಕೆ. ಇತ್ತ ಡಾಲರ್‌ನ ಸರಾಸರಿ ದರ ಸುಮಾರು 8.9 ಲಿರಾದಿಂದ 16.6 ಲಿರಾಕ್ಕೆ ಹೋಗಿತ್ತು. ಅದು 0.54 ಪಟ್ಟು. ಮೂರನ್ನೂ ಗುಣಿಸಿ: 1.055, 1.96, 0.54. ಸುಮಾರು 1.11 ಬರುತ್ತದೆ. ಡಾಲರ್ ಅಂಕಿಯೂ ಹಾಗೇ 0.81 ಟ್ರಿಲಿಯನ್‌ನಿಂದ 0.9 ಟ್ರಿಲಿಯನ್‌ಗೆ ಏರಿದೆ.

ಈಗ ಮೂರು ತಲೆಬರಹ ಊಹಿಸಿ. 'ಟರ್ಕಿ ಆರ್ಥಿಕತೆ ದುಪ್ಪಟ್ಟು.' 'ಶೇ 11 ಏರಿಕೆ.' 'ಶೇ 5.5 ಬೆಳವಣಿಗೆ.' ಮೂರೂ ಒಂದೇ ವರ್ಷದ್ದು, ಮೂರೂ ಸುಳ್ಳಲ್ಲ. ದೇಶ ಬೆಳೆದದ್ದು ಎಷ್ಟು ಎಂದು ಕೇಳಿದರೆ ಉತ್ತರ ಕೊನೆಯದು ಮಾತ್ರ.

ಮೊದಲು ಹೇಳಿದ ಜಪಾನನ್ನೂ ಹೀಗೇ ನೋಡಿ. ಯೆನ್ ಜಿಡಿಪಿ 1.18 ಪಟ್ಟು. ಡಾಲರ್‌ಗೆ ಸುಮಾರು 80 ಯೆನ್ ಇದ್ದದ್ದು 140 ಆಯಿತು, ಅದು 0.57 ಪಟ್ಟು. ಗುಣಿಸಿದರೆ 0.67. ಮೂರನೇ ಒಂದು ಭಾಗ ಮಾಯ, ಅದೂ ಬರೀ ವಿನಿಮಯ ದರದಿಂದ. 2023ರಲ್ಲಿ ಜರ್ಮನಿ ಜಪಾನನ್ನು ದಾಟಿ ಮೂರನೇ ಸ್ಥಾನಕ್ಕೆ ಬಂತು. ತಮಾಷೆ ಅಂದರೆ ಅದೇ ವರ್ಷ ಜರ್ಮನಿಯ ರಿಯಲ್ ಜಿಡಿಪಿ ಕುಗ್ಗಿತ್ತು! ಓಟದಲ್ಲಿ ಒಂದು ಹೆಜ್ಜೆ ಹಿಂದೆ ಸರಿದವರು ಮುಂದಿನವರನ್ನು ಹಿಂದಿಕ್ಕಿದ ಹಾಗೆ.

ಎಚ್ಚರಿಕೆ: ಶೇಕಡಾವಾರುಗಳನ್ನು ಕೂಡಿಸಬೇಡಿ. ಚಿಕ್ಕ ಅಂಕಿಗಳಿಗೆ ಕೂಡಿಸಿದರೂ ಹತ್ತಿರ ಬರುತ್ತದೆ, ಟರ್ಕಿಯಂಥ ವರ್ಷಕ್ಕೆ ಪೂರ್ತಿ ಕೆಟ್ಟುಹೋಗುತ್ತದೆ. ಗುಣಿಸಿ. ಹಾಗೆಯೇ ಡಿಫ್ಲೇಟರ್ ಜಾಗದಲ್ಲಿ ಗ್ರಾಹಕ ಬೆಲೆ ಸೂಚ್ಯಂಕ ಹಾಕಬೇಡಿ. ಆ ಸೂಚ್ಯಂಕದಲ್ಲಿ ಆಮದಾದ ಸರಕಿನ ಬೆಲೆಯೂ ಇರುತ್ತದೆ, ಜಿಡಿಪಿಯಲ್ಲಿ ಇರುವುದಿಲ್ಲ.

ಹಂತ 7: ಜನಸಂಖ್ಯೆಯಿಂದ ಭಾಗಿಸಿ, ಸಾಲಕ್ಕೆ ಹೋಲಿಸಿ

ತಲಾ ಜಿಡಿಪಿ ತೆಗೆಯುವುದು ಒಂದು ಭಾಗಾಕಾರ, ಅಷ್ಟೇ. ಆದರೆ ಮೇಲಿನ ಸ್ಥಾನದಲ್ಲಿರುವ ಪುಟ್ಟ ದೇಶಗಳ ಬಗ್ಗೆ ಹುಷಾರು. ಲಕ್ಸೆಂಬರ್ಗ್‌ನಲ್ಲಿ ದುಡಿಯುವವರಲ್ಲಿ ಅರ್ಧದಷ್ಟು ಮಂದಿ ಪ್ರತಿದಿನ ಫ್ರಾನ್ಸ್, ಜರ್ಮನಿ, ಬೆಲ್ಜಿಯಂನಿಂದ ಬಂದು ಹೋಗುವವರು. ಅವರ ದುಡಿಮೆ ಮೇಲಿನ ಅಂಕಿಯಾದ ಜಿಡಿಪಿಯಲ್ಲಿದೆ, ತಲೆಗಳು ಕೆಳಗಿನ ಅಂಕಿಯಾದ ಜನಸಂಖ್ಯೆಯಲ್ಲಿಲ್ಲ.

ತಲಾ ಜಿಡಿಪಿಯನ್ನು ಜನರ ಸುಖದ ಅಳತೆ ಎಂದುಕೊಳ್ಳಬೇಡಿ. ಅಮೆರಿಕದ ರಾಷ್ಟ್ರೀಯ ಆದಾಯದ ಮೊದಲ ದೊಡ್ಡ ಲೆಕ್ಕವನ್ನು 1934ರಲ್ಲಿ ಸೆನೆಟ್ ಮುಂದಿಟ್ಟ ಸೈಮನ್ ಕುಜ್ನೆಟ್ಸ್ ಅದೇ ವರದಿಯಲ್ಲಿ ಈ ಎಚ್ಚರಿಕೆ ಕೊಟ್ಟಿದ್ದರು. ಅಳತೆಪಟ್ಟಿ ಮಾಡಿದವರೇ ಹೇಳಿದ ಮಾತನ್ನು ಕೇಳುವುದು ಒಳ್ಳೆಯದು.

ಪಿಪಿಪಿ ಬಳಸಿದರೂ ಅದು ಅಂದಾಜು ಎಂಬುದು ನೆನಪಿರಲಿ. ಪಿಪಿಪಿ ಲೆಕ್ಕದಲ್ಲಿ ಚೀನಾ ಅಮೆರಿಕವನ್ನು ದಾಟುತ್ತಿದೆ ಎಂದು ಐಎಂಎಫ್ ಅಂಕಿ 2014ರಲ್ಲೇ ತೋರಿಸಿತ್ತು. ಆಮೇಲೆ 2017ರ ಬೆಲೆಗಳನ್ನು ದೇಶದೇಶಗಳಲ್ಲಿ ಸಂಗ್ರಹಿಸಿ ಹೊಸದಾಗಿ ಲೆಕ್ಕ ಹಾಕಿದಾಗ, ಆ ವರ್ಷಕ್ಕೂ ಎರಡೂ ಸರಿಸುಮಾರು ಸಮವೆಂದು ಬಂತು. ನಾಮಿನಲ್‌ನಲ್ಲಿ ಅಮೆರಿಕವೇ ಮುಂದೆ.

ಸಾಲದ ವಿಷಯಕ್ಕೆ ಬಂದರೆ ನಿಯಮ ಒಂದೇ: ಸಾಲ ನಾಮಿನಲ್, ಆದ್ದರಿಂದ ಜಿಡಿಪಿಯೂ ನಾಮಿನಲ್ ಆಗಬೇಕು. ಯೂರೋಪಿಯನ್ ಒಕ್ಕೂಟದ ಮಾಸ್ಟ್ರಿಕ್ಟ್ ನಿಯಮದ ಶೇ 60 ಸಾಲ, ಶೇ 3 ಕೊರತೆ ಎಂಬ ಮಿತಿಗಳೂ ನಾಮಿನಲ್ ಜಿಡಿಪಿಯ ಮೇಲಿನವೇ. ಹಣದುಬ್ಬರ ಏರಿದಾಗ ಸರ್ಕಾರ ಒಂದು ಕಾಸೂ ತೀರಿಸದೆ ಸಾಲದ ಅನುಪಾತ ಇಳಿಯಬಹುದು. ಇಲ್ಲಿ ಕೆಳಗಿನ ಅಂಕಿ ಜಿಡಿಪಿ, ಅದು ಉಬ್ಬಿತಲ್ಲ.

ಹಂತ 8: ಲೆಕ್ಕದ ಪುಸ್ತಕವೇ ಬದಲಾಯಿತಾ ನೋಡಿ

ಒಮ್ಮೊಮ್ಮೆ ಆರ್ಥಿಕತೆಯಲ್ಲಿ ಏನೂ ಆಗಿರುವುದಿಲ್ಲ, ಲೆಕ್ಕ ಹಾಕುವ ರೀತಿ ಬದಲಾಗಿರುತ್ತದೆ. ನೈಜೀರಿಯಾ 2014ರ ಏಪ್ರಿಲ್‌ನಲ್ಲಿ ತನ್ನ ಮೂಲ ವರ್ಷವನ್ನು 1990ರಿಂದ 2010ಕ್ಕೆ ತಂದಿತು. 1990ರಲ್ಲಿ ಮೊಬೈಲ್ ಫೋನ್ ವ್ಯವಹಾರ ಇರಲೇ ಇಲ್ಲ, ಸಿನಿಮಾ ಉದ್ಯಮ ಲೆಕ್ಕಕ್ಕೇ ಇರಲಿಲ್ಲ. ಅವೆಲ್ಲ ಸೇರಿದಾಗ 2013ರ ಜಿಡಿಪಿ ರಾತ್ರಿ ಬೆಳಗಾಗುವುದರೊಳಗೆ ಶೇ 89ರಷ್ಟು ಹೆಚ್ಚಾಗಿ, ಸುಮಾರು 510 ಬಿಲಿಯನ್ ಡಾಲರ್ ಆಯಿತು. ದಕ್ಷಿಣ ಆಫ್ರಿಕಾ ಹಿಂದೆ ಬಿತ್ತು. ಘಾನಾದಲ್ಲಿ 2010ರಲ್ಲಿ ಇಂಥದೇ ಬದಲಾವಣೆಯಿಂದ ಶೇ 60ರಷ್ಟು ಏರಿತ್ತು. ಇಟಲಿ 1987ರಲ್ಲಿ ಲೆಕ್ಕಕ್ಕೆ ಸಿಗದ ಮರೆಯ ವ್ಯವಹಾರದ ಅಂದಾಜನ್ನು ಸೇರಿಸಿ ಬ್ರಿಟನ್ನನ್ನು ದಾಟಿದೆ ಎಂದು ಸಂಭ್ರಮಿಸಿತ್ತು.

ಚೀನಾ ಕೂಡ 2024ರ ಡಿಸೆಂಬರ್‌ನಲ್ಲಿ, ಆರ್ಥಿಕ ಗಣತಿ ಮುಗಿದ ಮೇಲೆ, 2023ರ ಜಿಡಿಪಿಯನ್ನು ಶೇ 2.7ರಷ್ಟು ಮೇಲಕ್ಕೆ ತಿದ್ದಿತು. ಶೇಕಡಾ ಲೆಕ್ಕದಲ್ಲಿ ಚಿಕ್ಕದು, ಆದರೆ ಡಾಲರ್‌ನಲ್ಲಿ ಅದು ಎಷ್ಟೋ ದೇಶಗಳ ಇಡೀ ಜಿಡಿಪಿಗಿಂತ ದೊಡ್ಡದು. ಹಾಗಾಗಿ ಹಳೆಯ ಪಟ್ಟಿಯಿಂದ ಒಂದು ವರ್ಷ, ಹೊಸ ಪಟ್ಟಿಯಿಂದ ಇನ್ನೊಂದು ವರ್ಷ ತೆಗೆದು ಬೆಳವಣಿಗೆ ಲೆಕ್ಕ ಹಾಕಬೇಡಿ. ಇಡೀ ಸರಣಿ ಒಂದೇ ಪಟ್ಟಿಯದಾಗಿರಬೇಕು.

ಇನ್ನು ಐರ್ಲೆಂಡ್. ನನ್ನ ಪ್ರಕಾರ ಜಿಡಿಪಿ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. 2015ರಲ್ಲಿ ಆ ದೇಶದ ರಿಯಲ್ ಜಿಡಿಪಿ ಶೇ 26ರಷ್ಟು ಬೆಳೆದಿದೆ ಎಂದು 2016ರ ಜುಲೈನಲ್ಲಿ ಪ್ರಕಟವಾಯಿತು. ನೋಡಿ, ಇಲ್ಲಿ ಉಬ್ಬಿದ್ದು ಬೆಲೆಯೂ ಅಲ್ಲ, ದರವೂ ಅಲ್ಲ. ಕೆಲವು ಬಹುರಾಷ್ಟ್ರೀಯ ಕಂಪನಿಗಳು ತಮ್ಮ ಪೇಟೆಂಟ್‌ನಂಥ ಆಸ್ತಿಗಳನ್ನು ಕಾಗದದ ಮೇಲೆ ಅಲ್ಲಿಗೆ ಸಾಗಿಸಿದವು. ಅವುಗಳಿಂದ ಬರುವ ಗಳಿಕೆ ಐರ್ಲೆಂಡಿನ ಜಿಡಿಪಿ ಆಯಿತು. ಅಲ್ಲಿನ ಅಂಕಿಅಂಶ ಕಚೇರಿಯೇ ಆಮೇಲೆ ಈ ಉಬ್ಬರ ಕಳೆದ 'ಮಾರ್ಪಡಿಸಿದ ಒಟ್ಟು ರಾಷ್ಟ್ರೀಯ ಆದಾಯ' ಎಂಬ ಹೊಸ ಅಳತೆ ತಂದಿತು. ಇತ್ತೀಚಿನ ವರ್ಷಗಳಲ್ಲಿ ಅದು ಜಿಡಿಪಿಯ ಮೂರನೇ ಎರಡು ಭಾಗಕ್ಕಿಂತಲೂ ಕಡಿಮೆ ಇರುತ್ತದೆ. ಐರ್ಲೆಂಡ್ ನಿಮ್ಮ ಪಟ್ಟಿಯಲ್ಲಿದ್ದರೆ ಎರಡೂ ಅಂಕಿ ಹಾಕಿ.

ಒಟ್ಟು ರಾಷ್ಟ್ರೀಯ ಆದಾಯ, ಅಂದರೆ ಜಿಎನ್‌ಐ, ಬೇರೆ ದೇಶಗಳಿಗೂ ನೋಡಲು ಯೋಗ್ಯ. ಜಿಡಿಪಿ ಗಡಿಯೊಳಗಿನ ಉತ್ಪಾದನೆ ಎಣಿಸಿದರೆ, ಜಿಎನ್‌ಐ ಆ ದೇಶದವರ ಕೈಗೆ ಬಂದ ಆದಾಯ ಎಣಿಸುತ್ತದೆ.

ಹಂತ 9: ಹೋಲಿಸಬಾರದ್ದನ್ನು ಹೋಲಿಸಬೇಡಿ

2023ರ ಜೂನ್ ಕೊನೆಯಲ್ಲಿ ಆ್ಯಪಲ್ ಕಂಪನಿಯ ಷೇರು ಮೌಲ್ಯ 3 ಟ್ರಿಲಿಯನ್ ಡಾಲರ್ ದಾಟಿತು. 'ಫ್ರಾನ್ಸ್‌ನಷ್ಟು ದೊಡ್ಡ ಕಂಪನಿ' ಎಂಬ ಮಾತು ಎಲ್ಲೆಡೆ ಓಡಾಡಿತು. ಇದು ಬಾವಿಯಲ್ಲಿರುವ ನೀರನ್ನೂ ಹೊಳೆಯಲ್ಲಿ ವರ್ಷಕ್ಕೆ ಹರಿಯುವ ನೀರನ್ನೂ ಹೋಲಿಸಿದಂತೆ. ಷೇರು ಮೌಲ್ಯ ಮುಂದಿನ ಎಷ್ಟೋ ವರ್ಷದ ಲಾಭದ ಮೇಲೆ ಇಂದು ಕಟ್ಟಿದ ಬೆಲೆ. ಜಿಡಿಪಿ ಒಂದೇ ವರ್ಷದ ಉತ್ಪಾದನೆ. ಕಂಪನಿಯ ವಹಿವಾಟನ್ನು ಜಿಡಿಪಿಗೆ ಹೋಲಿಸುವುದೂ ತಪ್ಪೇ. ವಹಿವಾಟಿನಲ್ಲಿ ಬೇರೆಯವರಿಂದ ಕೊಂಡ ಸರಕಿನ ಬೆಲೆಯೂ ಸೇರಿರುತ್ತದೆ, ಜಿಡಿಪಿಯಲ್ಲಿ ಅದನ್ನು ಕಳೆದಿರುತ್ತಾರೆ.

ಇನ್ನೊಂದು: 'ಆಮದು ಜಿಡಿಪಿಯನ್ನು ಕಡಿಮೆ ಮಾಡುತ್ತದೆ' ಎಂಬ ಮಾತು. ಖರ್ಚಿನ ಸೂತ್ರದಲ್ಲಿ ಆಮದಿನ ಮುಂದೆ ಕಳೆಯುವ ಚಿಹ್ನೆ ಇದೆ, ನಿಜ. ಜನ ಮಾಡಿದ ಖರ್ಚಿನೊಳಗೆ ಆಮದು ಸರಕು ಆಗಲೇ ಸೇರಿಕೊಂಡಿರುತ್ತದೆ. ಅದನ್ನು ಹೊರಗೆ ತೆಗೆಯಲು ಆ ಚಿಹ್ನೆ, ಬೇರೇನಕ್ಕೂ ಅಲ್ಲ.

ಹಂತ 10: ಬರೆಯುವಾಗ

ಅಂಕಿಯ ಪಕ್ಕದಲ್ಲಿ ಐದು ವಿಷಯ ಇರಲಿ: ನಾಮಿನಲ್ಲೋ ರಿಯಲ್ಲೋ, ಯಾವ ಹಣ, ಯಾವ ವರ್ಷ, ಯಾರ ಅಂಕಿ, ಯಾವ ತಿಂಗಳ ಆವೃತ್ತಿ. 'ಜರ್ಮನಿ, 2023, ನಾಮಿನಲ್, ಸುಮಾರು 4.5 ಟ್ರಿಲಿಯನ್ ಡಾಲರ್, ಐಎಂಎಫ್' ಎಂದು ಬರೆದು ಆವೃತ್ತಿಯ ತಿಂಗಳು ಸೇರಿಸಿದರೆ ಮುಗಿಯಿತು. ದಶಮಾಂಶದ ನಂತರ ಒಂದಂಕಿ ಸಾಕು. ಮೂರಂಕಿ ಹಾಕಿದರೆ ಇಲ್ಲದ ನಿಖರತೆ ತೋರಿಸಿದಂತಾಗುತ್ತದೆ.

ಎರಡು ದೇಶಗಳ ಅಂತರ ಶೇ 3-4ಕ್ಕಿಂತ ಕಡಿಮೆ ಇದ್ದರೆ ನಾನು 'ದಾಟಿತು' ಎಂದು ಬರೆಯುವುದಿಲ್ಲ, 'ಸಮಸಮ' ಎಂದು ಬರೆಯುತ್ತೇನೆ. ಒಂದು ಗಣತಿ, ಒಂದು ಕರೆನ್ಸಿ ಏರಿಳಿತ ಸಾಕು, ಸ್ಥಾನ ಅದಲುಬದಲಾಗಲು. ಇಳಿಸಿಕೊಂಡ ಫೈಲಿನ ಹೆಸರಿನಲ್ಲೇ ದಿನಾಂಕ ಹಾಕಿಡಿ. ಮುಂದಿನ ಅಕ್ಟೋಬರ್‌ನಲ್ಲಿ ಅದೇ ಕೋಡ್ ಹಾಕಿ ಮತ್ತೆ ತೆಗೆದರೆ, ಎಂದೋ ಮುಗಿದುಹೋದ ವರ್ಷದ ಅಂಕಿಯೂ ಬದಲಾಗಿರಬಹುದು.